ಆಯ್ತವಾರ ನೋಡಿದ ಮನೆ

ಮೊಮ್ಮಗಳಿಗೆ ಯಾದಗಿರಿಗೆ ವರ್ಗವಾಗಿದೆ. ಬ್ಯಾಂಕಿನ ಕೆಲಸ. ಬಾಡಿಗೆ ಮನೆ ನೋಡಲು ಹೊರಟವಳು ನನ್ನನ್ನೂ ಎಳೆದುಕೊಂಡು ಹೋದಳು. ಮನೆ ತೋರಿಸುವ ಹುಡುಗ ಮೋಟಾರ್ ಸೈಕಲ್ಲಿನ ಮೇಲೆ ಕೂತೇ, ಒಂದು ಕಾಲು ನೆಲಕ್ಕೂರಿ, "ಬ್ಯಾಂಕ್ ಇಲ್ಲೇ ಅದ್ರಿ ಅಮ್ಮಾ, ನಡ್ಕೋತ ಹೋದ್ರೂ ಗೊತ್ತಾಗಂಗಿಲ್ಲ" ಎಂದ. ನನಗೆ ಮೈ ಉರಿಯಿತು. ನಮ್ಮ ಕಡೆ ಈ "ಇಲ್ಲೇ" ಎಂಬುದಕ್ಕೆ ಅಳತೆಯೇ ಇಲ್ಲ. ಪಕ್ಕದ ಗೋಡೆಯೂ ಇಲ್ಲೇ, ಭೀಮಾ ನದಿಯೂ ಇಲ್ಲೇ. ಇವತ್ತು ಯಾವ ವಾರ ಎಂದು ಮೊಮ್ಮಗಳನ್ನು ಕೇಳಿದೆ. ಆಯ್ತವಾರ, ರಜೆ ಇದೆಯೆಂದೇ ಬಂದದ್ದಲ್ಲವೇ ಎಂದಳು. ಹಾಗಾದರೆ ಈ ಮನೆ ಇವತ್ತು ಒಪ್ಪಿಕೊಳ್ಳುವುದು ಬೇಡ, ಸೋಮವಾರ ಆಫೀಸಿನ ಹೊತ್ತಿಗೆ ಬಂದು ಇಲ್ಲಿಂದ ಬ್ಯಾಂಕಿನವರೆಗೆ ನಡೆದು ನೋಡೋಣ ಎಂದೆ. ಅವಳು ನಕ್ಕಳು. ಮುದುಕಿಗೆ ಅರವತ್ತಕ್ಕೆ ಬರಬೇಕಾದ ಮರುಳು ಈಗ ಬಂತು ಎಂದುಕೊಂಡಿರಬೇಕು. ಬೀದಿಯಲ್ಲಿ ನಿಂತು ಬಿಡಿಸಿ ಹೇಳುವಷ್ಟು ದಮ್ಮು ನನ್ನಲ್ಲಿ ಉಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಸುರಪುರ. ರಜಾಕಾರರ ಗದ್ದಲದ ಕಾಲದಲ್ಲಿ ಅಪ್ಪ ನನ್ನನ್ನು ಗಡಿಯ ಆಚೆ, ಮುದ್ದೇಬಿಹಾಳದ ಕಡೆಯ ಸೋದರಮಾವನ ಊರಿಗೆ ಕಳಿಸಿಬಿಟ್ಟಿದ್ದ. ಅದು ಮುಂಬೈ ಸರಕಾರದ ಸೀಮೆ, ಅಲ್ಲಿ ಕನ್ನಡ ಸಾಲೆ ಇತ್ತು. ಜೀವ ಉಳಿಸಿಕೊಳ್ಳಲು ಹೋದವಳು ಪರೀಕ್ಷೆ ಪಾಸಾಗಿ ಬಂದೆ. ನಮ್ಮ ಸೀಮೆಯಲ್ಲಿ ಆಗ ಕಲಿತವರೆಂದರೆ ಉರ್ದು ಕಲಿತವರು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಕನ್ನಡ ಸಾಲೆಗಳು ತೆರೆಯತೊಡಗಿದವು, ಕಲಿಸುವವರೇ ಇಲ್ಲ. ಯಾದಗಿರಿಯಲ್ಲಿ ಹೆಣ್ಣುಮಕ್ಕಳ ಸಾಲೆಗೆ ನನ್ನನ್ನು ನೇಮಿಸಿದ ಕಾಗದ ಬಂದಾಗ ನಾನು ಬಾಣಂತಿ. ನಮ್ಮವರು ಶಹಾಪುರದ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹೆಂಡತಿಯ ನೌಕರಿಯ ಹಿಂದೆ ಗಂಡ ಊರು ಬಿಡುವುದನ್ನು ಯಾರೂ ಕಂಡಿರಲಿಲ್ಲ. ಇವರು ಮಾತ್ರ ಹೆಚ್ಚು ಮಾತಾಡದೆ ಯಾದಗಿರಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಬೇರೊಂದು ಅಂಗಡಿ ಹುಡುಕಿಕೊಂಡರು. ಆ ಒಂದು ವಿಷಯಕ್ಕೆ ನಾನು ಅವರನ್ನು ಎಷ್ಟೋ ಸಲ ಕ್ಷಮಿಸಿದ್ದೇನೆ.

ಕೂಸು ಹಿಡಿಯಲು ಅತ್ತೆ ಜೊತೆಗೆ ಬಂದರು. ಸಾಲೆಯ ಹಿರಿಯ ಶಿಕ್ಷಕಿಯನ್ನು ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ಕೆಟ್ಟವರಲ್ಲ, ಆದರೆ ಗಡಿಯಾರದ ಮನುಷ್ಯರು. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಹೋಗಿ ಕೂಸಿಗೆ ಹಾಲು ಕುಡಿಸಿ ಬರಬಹುದು, ಗಂಟೆ ಬಾರಿಸುವುದರೊಳಗೆ ವರ್ಗದಲ್ಲಿ ಇರಬೇಕು ಎಂದರು. ಸಾಲೆಯೇ ಹೊಸದು, ಹೆಣ್ಣುಮಕ್ಕಳನ್ನು ಕಳಿಸಲು ಜನ ಇನ್ನೂ ಹಿಂದೆಮುಂದೆ ನೋಡುತ್ತಿದ್ದಾರೆ, ಅಕ್ಕೋರೇ ತಡವಾಗಿ ಬಂದರೆ ಮುಚ್ಚಲು ನೆಪ ಕಾಯುವವರು ಬಹಳ ಜನ ಇದ್ದಾರೆ ಎಂದೂ ಹೇಳಿದರು. ಹೀಗೆ ನನ್ನ ನೌಕರಿ, ಕೂಸಿನ ಹೊಟ್ಟೆ, ಎರಡೂ ಒಂದೇ ಮಾತಿನ ಮೇಲೆ ನಿಂತಿದ್ದವು. ಮನೆಗೂ ಸಾಲೆಗೂ ಎಷ್ಟು ದೂರ?

ಮನೆ ಹುಡುಕುವ ಕೆಲಸ ನಮ್ಮವರ ಸೈಕಲ್ಲಿಗೆ ಬಿತ್ತು. ಸೈಕಲ್ಲೆಂದರೆ ಅವರಿಗೆ ಪ್ರಾಣ. ದಿನಾ ಎಣ್ಣೆ ಬಟ್ಟೆಯಿಂದ ಒರೆಸುವರು, ಯಾರಾದರೂ ಗಂಟೆ ಮುಟ್ಟಿದರೂ ಮುಖ ಗಂಟು. ನನ್ನನ್ನು ಹಿಂದೆ ಕೂರಿಸಿಕೊಂಡು ಬಿಟ್ಟು ಬಂದರೆ ಮುಗಿದೇ ಹೋಗುತ್ತಿತ್ತು ಎಂದು ಈಗಿನವರಿಗೆ ಅನ್ನಿಸಬಹುದು. ಸಾಲೆಯ ಅಕ್ಕೋರು ಗಂಡನ ಸೈಕಲ್ಲಿನ ಮೇಲೆ ಕಾಲು ಜೋತು ಬಿಟ್ಟುಕೊಂಡು ಬಜಾರದಲ್ಲಿ ಹೋದರೆ ಮರುದಿನ ಸಾಲೆಯಲ್ಲಿ ಒಂದು ಹುಡುಗಿಯೂ ಉಳಿಯುತ್ತಿರಲಿಲ್ಲ. ನನ್ನ ಪಾಲಿಗೆ ನಡಿಗೆಯೇ.

ಸಾಲೆ ಇದ್ದದ್ದು ಕೋಟೆಯ ಕೆಳಗಿನ ಹಳೆಯ ಓಣಿಯಲ್ಲಿ. ಅಲ್ಲೇ ಮನೆ ಸಿಕ್ಕರೆ ಚಿನ್ನ. ಆದರೆ ಆ ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಗದ್ದಲದ ನಂತರ ಯಾರು ಎಲ್ಲಿಗೆ ಹೋದರು, ಮರಳುತ್ತಾರೋ ಇಲ್ಲವೋ, ಯಾರಿಗೂ ತಿಳಿಯದು. ಬೀಗ ಹಾಕಿದ ಬಾಗಿಲನ್ನು ತೋರಿಸಿ ಬಾಡಿಗೆಗೆ ಇದೆಯೇ ಎಂದು ಕೇಳಲು ನಮಗೇ ನಾಚಿಕೆ. ಇದ್ದವರೂ ಹೊಸಬರನ್ನು ಕಂಡರೆ ಕದ ಅರ್ಧ ಮುಚ್ಚಿ ಮಾತಾಡುತ್ತಿದ್ದರು. ಗಂಜಿನ ಹತ್ತಿರ, ಟೇಶನ್ನಿನ ಪಕ್ಕ ಸಾಲು ಕೋಣೆಗಳಿದ್ದವು, ನಮ್ಮವರ ಅಂಗಡಿಗೆ ಎದುರೇ. ಅಲ್ಲಿ ಒಂಟಿ ಗಂಡಸರೇ ತುಂಬಿದ್ದರು, ಒಣ ಹಾಕಿದ ಬಟ್ಟೆಯ ಮೇಲೆಲ್ಲ ಇಂಜಿನ್ನಿನ ಮಸಿ. ಅತ್ತೆ ಹೊಸ್ತಿಲು ಕೂಡ ದಾಟಲಿಲ್ಲ.

ಕೊನೆಗೆ ರೈಲು ಹಳಿಯ ಆಚೆ ಒಂದು ಮನೆ. ಮಾಲೀಕ ಸಂಗಣ್ಣ, ಮಾತಿನ ಮಲ್ಲ. ಎರಡು ಅಂಕಣ, ಹಿತ್ತಲು, ಸಿಹಿನೀರಿನ ಬಾವಿ. ಯಾದಗಿರಿಯಲ್ಲಿ ಸಿಹಿನೀರಿನ ಬಾವಿ ಎಂದ ಕೂಡಲೇ ಅತ್ತೆಯ ಮುಖ ಅರಳಿತು. ಹಗ್ಗ ಹಾಕಿ ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, ಇದೇ ಸಾಕು ಎಂದುಬಿಟ್ಟರು. ಸಾಲೆಗೆ ಎಷ್ಟು ದೂರ ಎಂದು ನಾನು ಕೇಳಿದೆ.

"ಒಂದು ಬೀಡಿ ಹಾದಿ ಅಷ್ಟೇರಿ," ಎಂದ ಸಂಗಣ್ಣ. "ಇಲ್ಲೇ ಹಚ್ಚಿದ್ರ ಸಾಲಿ ಮುಂದ ಒಗೀಬೇಕು."

ನಾನು ಬೀಡಿ ಸೇದುವವಳಲ್ಲವಲ್ಲ, ನಡೆದೇ ನೋಡೋಣ ಎಂದೆ. ನಮ್ಮವರು ಸೈಕಲ್ಲು ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಡೆದರು. ರಸ್ತೆಯಲ್ಲಿ ಮಂದಿಯಿಲ್ಲ, ಗಾಡಿಯಿಲ್ಲ. ರೈಲ್ವೆ ಗೇಟಿನ ಎರಡೂ ತೊಲೆಗಳು ಆಕಾಶ ನೋಡುತ್ತಿದ್ದವು, ಗೇಟಿನವನು ಬೇವಿನ ಮರದ ಕೆಳಗೆ ಟೋಪಿ ಮುಖದ ಮೇಲಿಟ್ಟುಕೊಂಡು ಮಲಗಿದ್ದ. ಹಳಿ ದಾಟಿದ್ದೂ ತಿಳಿಯಲಿಲ್ಲ. ಕೋಟೆ ಎದುರಿಗೆ ಬಂತು, ಸಾಲೆ ಬಂತು. ನಿಜಕ್ಕೂ ಒಂದು ಬೀಡಿಯ ಹಾದಿಯೇ. ಅಲ್ಲೇ ನಿಂತು ಮನೆ ಗೊತ್ತುಮಾಡಿಕೊಂಡೆವು, ಸಂಜೆಗೇ ಸಾಮಾನು ತಂದಿಳಿಸಿದೆವು.

ಅವತ್ತು ಆಯ್ತವಾರ. ಇದೇ ನಮ್ಮ ಹಣೆಬರಹ ಕೆಡಿಸಿದ್ದು. ನಿಜಾಮರ ಕಾಲದಲ್ಲಿ ನಮಗೆಲ್ಲ ರಜೆ ಎಂದರೆ ಶುಕ್ರವಾರ. ಕಚೇರಿ, ಸಾಲೆ, ಎಲ್ಲಕ್ಕೂ ಅವತ್ತೇ ಬೀಗ. ಮನೆ ನೋಡುವುದು, ಹೆಣ್ಣು ನೋಡುವುದು, ಕ್ಷೌರ, ಬೀಗರ ಭೇಟಿ, ಎಲ್ಲ ಶುಕ್ರವಾರವೇ. ಆದರೆ ರೈಲು ಮೊದಲಿನಿಂದಲೂ ಇಂಗ್ಲಿಷರ ಕಂಪನಿಯದು. ಅದರ ಮಾಲು ಗೋದಾಮಿಗೆ ಯಾವಾಗಲೂ ಆಯ್ತವಾರ ರಜೆ. ಹಳೆಯ ಕಾಲವಾಗಿದ್ದರೆ ನಾವು ಶುಕ್ರವಾರ ಮನೆ ನೋಡಲು ಹೋಗಿರುತ್ತಿದ್ದೆವು, ಗೋದಾಮಿನ ಕೆಲಸ ಭರದಿಂದ ನಡೆದಿರುತ್ತಿತ್ತು, ಗೇಟಿನ ಬಣ್ಣ ಅವತ್ತೇ ಬಯಲಾಗುತ್ತಿತ್ತು. ರಾಜ್ಯ ಬದಲಾಗಿ ನಮ್ಮ ರಜೆಯೂ ಆಯ್ತವಾರಕ್ಕೆ ಬಂತು, ರೈಲಿನ ರಜೆಯ ಜೊತೆ ಕೂಡಿಕೊಂಡಿತು. ಹೊಸ ರಜೆಯ ದಿನ, ಹೊಸ ಸರಕಾರದ ನೌಕರಿಗಾಗಿ, ತೆರೆದ ಗೇಟು ನೋಡಿ ಮನೆ ಮಾಡಿದ ಜಾಣರು ನಾವು.

ಸೋಮವಾರ ಮಧ್ಯಾಹ್ನ ಬಿಡುವಿನ ಗಂಟೆ ಬಾರಿಸಿದ ಕೂಡಲೇ ಹೊರಟೆ. ಗೇಟಿಗೆ ಬಂದರೆ ಗೇಟು ಬಿದ್ದಿದೆ. ಎದುರಿಗೆ ಒಂದರ ಹಿಂದೊಂದು ಮಾಲು ಡಬ್ಬಿಗಳು, ಕಣ್ಣು ಹಾಯುವವರೆಗೆ. ಇಂಜಿನ್ನು ಎಲ್ಲೋ ದೂರದಲ್ಲಿ ಬುಸುಗುಟ್ಟುತ್ತದೆ, ಡಬ್ಬಿಗಳು ಒಂದಿಷ್ಟು ಮುಂದೆ ಹೋಗುತ್ತವೆ, ಇನ್ನೇನು ಸರಿದವು ಎನ್ನುವಷ್ಟರಲ್ಲಿ ಮತ್ತೆ ಹಿಂದೆ ಬರುತ್ತವೆ. ಗಂಜಿನ ಶೇಂಗಾ, ಹತ್ತಿ, ತೊಗರಿ ಎಲ್ಲ ಅಲ್ಲಿಂದಲೇ ಹೋಗಬೇಕು. ಡಬ್ಬಿ ಜೋಡಿಸುವ ಕೆಲಸ ಸರಿಯಾಗಿ ನಮ್ಮ ಬಿಡುವಿನ ಹೊತ್ತಿಗೇ. ಗೇಟಿನವನ ಹೆಸರು ಖಾಜಾಸಾಬ. ಎಷ್ಟು ಹೊತ್ತಾಗುತ್ತದೆ ಎಂದು ಅವನನ್ನು ಕೇಳಿದೆ. ಅದು ಇಂಜಿನ್ನಿನ ಮರ್ಜಿ ಎಂದ. ಗೇಟು ಎದ್ದ ಕೂಡಲೇ ಓಡಿ ಹೋಗಿ ಕೂಸಿನ ಬಾಯಿಗೆ ಎದೆಯಿಟ್ಟು, ಕೂಸು ಒಂದೆರಡು ಗುಟುಕು ಎಳೆಯುವಷ್ಟರಲ್ಲಿ ಕಿತ್ತುಕೊಂಡು, ಅದರ ಅಳುವನ್ನು ಬೆನ್ನಿಗೆ ಕಟ್ಟಿಕೊಂಡು ಮರಳಿ ಓಡಿದೆ. ವರ್ಗಕ್ಕೆ ತಡವಾಯಿತು. ದೊಡ್ಡಕ್ಕೋರು ಗಡಿಯಾರ ನೋಡಿದರು ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಸಂಜೆ ನಾನು ಸಂಗಣ್ಣನ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಗೇಟು ಬೀಳುವುದು ಊರಿಗೆಲ್ಲ ಗೊತ್ತಿರುವ ವಿಷಯ, ನೀವು ದೂರ ಕೇಳಿದಿರಿ, ದೂರ ಹೇಳಿದೆ, ಗೇಟು ಕೇಳಿದ್ದರೆ ಗೇಟು ಹೇಳುತ್ತಿದ್ದೆ ಎಂದ. ಗೇಟು ಬಿದ್ದಾಗ ಅವನಿಗೆ ಇನ್ನೊಂದು ಬೀಡಿ ಹಚ್ಚುವ ಕೆಲಸ, ಅಷ್ಟೇ. ಬೀಡಿಯಿಂದ ಹಾದಿ ಅಳೆಯುವವನಿಗೆ ಹಾದಿ ಎಂದೂ ಉದ್ದವಾಗುವುದಿಲ್ಲ.

ಮಳೆಗಾಲ ಬಂತು. ನಮ್ಮ ಸೀಮೆಯ ಮಳೆ ದೊಡ್ಡದಲ್ಲ, ಎರೆಮಣ್ಣು ದೊಡ್ಡದು. ಎರಡು ಹನಿ ಬಿದ್ದರೆ ಸಾಕು, ಚಪ್ಪಲಿಗೆ ಹಿಡಿದ ಮಣ್ಣು ಕಾಲನ್ನು ಗುಂಡುಕಲ್ಲಿನಷ್ಟು ಭಾರ ಮಾಡುತ್ತದೆ. ನಮ್ಮವರ ಸೈಕಲ್ಲಿನ ಗಾಲಿ ಮಡ್‌ಗಾರ್ಡಿನಲ್ಲಿ ಸಿಕ್ಕಿಕೊಂಡು ತಿರುಗದೆ, ಅವರು ಅದನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದೆ. ಓಡುವುದು, ಗೇಟಿನಲ್ಲಿ ನಿಲ್ಲುವುದು, ಮತ್ತೆ ಓಡುವುದು. ಕೆಲವು ದಿನ ಗೇಟು ಏಳುವಷ್ಟರಲ್ಲಿ ಬಿಡುವೇ ಮುಗಿದು, ಕೂಸಿನ ಮುಖ ನೋಡದೆ ಅಲ್ಲಿಂದಲೇ ತಿರುಗುತ್ತಿದ್ದೆ. ಅಂಥ ದಿನ ಮಧ್ಯಾಹ್ನದ ಪಾಠದ ನಡುವೆ ಎದೆ ಬಿಗಿದು ಕಲ್ಲಾಗುತ್ತಿತ್ತು. ಹುಡುಗಿಯರು ಕಾಗುಣಿತ ಒಪ್ಪಿಸುತ್ತಿದ್ದಾರೆ, ಯಾವುದೋ ಒಂದು ಹುಡುಗಿಯ ತಮ್ಮ ಹೊರಗೆ ಅಳುತ್ತಾನೆ, ನನ್ನ ಕುಪ್ಪಸ ತೊಯ್ದುಹೋಗುತ್ತದೆ. ಸೆರಗು ಎಳೆದು ಎಳೆದು ಮುಚ್ಚಿಕೊಂಡು ಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಸಾಲೆ ಬಿಟ್ಟ ಮೇಲೆ ಹಿಂದಿನ ಗೋಡೆಯ ಮರೆಯಲ್ಲಿ ಹಿಂಡಿ ನೆಲಕ್ಕೆ ಚೆಲ್ಲುತ್ತಿದ್ದೆ. ನನ್ನ ಮಗನ ಪಾಲಿನದನ್ನು ಯಾದಗಿರಿಯ ಮಣ್ಣು ಕುಡಿಯಿತು. ನಾನು ಸುಳ್ಳು ಹೇಳುವುದಿಲ್ಲ, ಆ ದಿನಗಳಲ್ಲಿ ನನಗೆ ಸ್ವಾತಂತ್ರ್ಯ, ಕನ್ನಡ, ಹೆಣ್ಣುಮಕ್ಕಳ ವಿದ್ಯೆ ಯಾವುದೂ ಬೇಕಾಗಿರಲಿಲ್ಲ. ಒಂದು ಕಡೆ ಕೂತು ಕಾಲು ಚಾಚಬೇಕಿತ್ತು.

ಒಂದು ಉಪಾಯ ಮಾಡಿದೆವು. ಬಿಡುವಿನ ಹೊತ್ತಿಗೆ ಅತ್ತೆ ಕೂಸನ್ನು ಎತ್ತಿಕೊಂಡು ಗೇಟಿಗೆ ಬರುವುದು, ನಾನು ಅಲ್ಲಿಗೆ ಹೋಗುವುದು, ಗೇಟಿನವನ ಗುಡಿಸಲ ನೆರಳಲ್ಲಿ ಕೂತು ಕುಡಿಸುವುದು. ಹಾದಿ ಅರ್ಧ ಉಳಿಯುತ್ತದಲ್ಲ! ಮೊದಲ ದಿನವೇ ನಾನು ಈಚೆ, ಅವರು ಆಚೆ, ನಡುವೆ ಮಾಲು ಡಬ್ಬಿಗಳು. ಗಾಲಿಗಳ ಸಂದಿಯಿಂದ ಅತ್ತೆಯ ಪಾದ ಕಾಣುತ್ತಿದೆ, ಕೂಸಿನ ಅಳು ಕೇಳುತ್ತಿದೆ. ಅಳು ಮೊದಲು ಸಿಟ್ಟಿನದಾಗಿತ್ತು, ಆಮೇಲೆ ದಣಿದು ಬಿಕ್ಕಾಯಿತು. ಆಚೀಚೆ ಕಾದಿದ್ದ ಒಂದಿಬ್ಬರು ಗಂಡಸರು ಬಗ್ಗಿ ಡಬ್ಬಿಯ ಕೆಳಗೆ ನುಸುಳಿ ದಾಟಿಹೋದರು. ನಾನೂ ಸೀರೆ ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ. ತಲೆ ಒಳಗೆ ಹಾಕಿದ್ದೆ, ಖಾಜಾಸಾಬ ಓಡಿಬಂದು ಹಸಿರು ಬಾವುಟದ ಕೋಲನ್ನು ನನ್ನ ಮುಂದೆ ಅಡ್ಡ ಹಿಡಿದ.

"ಬ್ಯಾಡ್ರಿ ಅಕ್ಕೋರೆ. ಆ ಗಂಡಸರು ಸತ್ರ ಅವರ ಹಣೆಬರಹ. ನೀವು ಸತ್ರ ಆಚಿ ಅಳಾಕತ್ತದಲ್ಲ, ಅದಕ್ಕ ನಾ ಏನ್ ಜವಾಬು ಹೇಳ್ಲಿ?"

ಅವನ ಮಾತು ಮುಗಿಯುವ ಮುಂಚೆ ಡಬ್ಬಿಗಳು ಒಂದಕ್ಕೊಂದು ಬಡಿದುಕೊಂಡು ಜಗ್ಗಿದವು. ನಾನು ಅಲ್ಲೇ ಕುಕ್ಕರಿಸಿದೆ. ಅವನು ಮಡಕೆಯಿಂದ ನೀರು ತಂದುಕೊಟ್ಟ. ಕುಡಿದು ಸಾಲೆಗೆ ಮರಳಿದೆ. ಆಚೆ ನಿಂತ ಅತ್ತೆಗೆ ಗಾಲಿಗಳ ಸಂದಿಯಿಂದ ಎಲ್ಲ ಕಂಡಿತ್ತು.

ಅದಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಸಂಜೆ ಹಸಿದು ಕಂಗಾಲಾಗಿರಬೇಕಾದ ಕೂಸು ನಗುತ್ತ ಆಡುತ್ತಿರುತ್ತಿತ್ತು. ಎದೆಗೆ ಹಚ್ಚಿದರೆ ಸುಮ್ಮನೆ ಬಾಯಿಟ್ಟು ನನ್ನ ತಾಳಿಯ ಜೊತೆ ಆಟ. ಅತ್ತೆಯನ್ನು ಕೇಳಿದರೆ, ಈಗಷ್ಟೇ ಮಲಗಿ ಎದ್ದಿದ್ದಾನೆ ಎಂದು ಮುಖ ಆಚೆ ತಿರುಗಿಸುವರು. ಅಫೀಮು ಗಿಫೀಮು ಹಾಕಿ ಮಲಗಿಸುತ್ತಿದ್ದಾರೋ ಎಂದು ಭಯವಾಯಿತು, ಆ ಕಾಲದಲ್ಲಿ ಅದೂ ಇತ್ತು. ಒಂದು ದಿನ ಮಧ್ಯಾಹ್ನ ಗೇಟು ಹೇಗೋ ತೆರೆದಿತ್ತು. ಮನೆಗೆ ಬಂದೆ, ಅತ್ತೆಯೂ ಇಲ್ಲ, ಕೂಸೂ ಇಲ್ಲ. ಹಿತ್ತಲ ಬೇಲಿಯ ಆಚೆ ಕುರಿಯವರ ಗುಡಿಸಲು. ಅಲ್ಲಿಯ ಹೆಣ್ಣುಮಗಳು ಮಾಳವ್ವ ಕಂಬಳಿಗೆ ಉಣ್ಣೆ ನೂಲುತ್ತಿದ್ದುದನ್ನು ದಿನಾ ನೋಡುತ್ತಿದ್ದೆ, ಅವಳಿಗೂ ಒಂದು ಎಳೆಯ ಮಗಳಿತ್ತು. ಬೇಲಿಯ ಮೇಲಿಂದ ನೋಡಿದರೆ ನನ್ನ ಮಗ ಅವಳ ತೊಡೆಯ ಮೇಲೆ ಮಲಗಿ ಗಟಗಟ ಕುಡಿಯುತ್ತಿದ್ದಾನೆ. ಅವಳ ಮಗಳು ಪಕ್ಕದಲ್ಲಿ ರೊಟ್ಟಿಯ ತುಂಡು ಚೀಪುತ್ತ ಕೂತಿದ್ದಾಳೆ. ಅತ್ತೆ ಎದುರಿಗೆ ಕಾವಲು ಕೂತಿದ್ದಾರೆ.

ನಮ್ಮ ಅತ್ತೆ ಎಂಥವರೆಂದರೆ, ಪರರ ಮನೆಯಲ್ಲಿ ಒಂದು ಗುಟುಕು ನೀರು ಮುಟ್ಟದವರು. ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕದವರು. ನನಗೆ ಸಿಟ್ಟು ಬಂದದ್ದು ಜಾತಿಗಲ್ಲ, ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಎಂದು ಅವತ್ತು ಜಗಳವಾಡಿದೆ. ಖರೆ ಹೇಳಬೇಕೆಂದರೆ ಎರಡೂ ಅಲ್ಲ, ಬರೀ ಹೊಟ್ಟೆಕಿಚ್ಚು. ಅತ್ತೆ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡರು.

"ನೀ ಆ ಡಬ್ಬಿ ಕೆಳಗ ತಲಿ ಹಾಕಿದ್ದು ನೋಡೀನಿ," ಎಂದರು. "ಅವತ್ತ ನನ್ನ ಮಡಿ ಗಿಡಿ ಎಲ್ಲಾ ಅಲ್ಲೇ ಹಳಿ ಮ್ಯಾಲ ಬಿಟ್ಟು ಬಂದೀನಿ. ಇನ್ನ ನೀ ಓಡಿ ಬರಬ್ಯಾಡ."

ಮರುದಿನದಿಂದ ಬಿಡುವಿನಲ್ಲಿ ಸಾಲೆಯಲ್ಲೇ ಉಳಿದೆ. ರೊಟ್ಟಿ ಬಿಚ್ಚಿ ತಿನ್ನುತ್ತ ಕೂತರೆ ಸುಖವಾಗಬೇಕಿತ್ತು, ಅರ್ಧ ತಿಂದು ಮತ್ತೆ ಕಟ್ಟಿಡುತ್ತಿದ್ದೆ. ಮಾಳವ್ವ ನನ್ನನ್ನು ಕಂಡರೆ ತಪ್ಪು ಮಾಡಿದವಳಂತೆ ಎದ್ದು ನಿಲ್ಲುತ್ತಿದ್ದಳು. ಕೂರು ಎಂದರೂ ಕೂರಳು. ನಿಮ್ಮ ಮಗ ಬಲು ಜೋರು, ಎಳೆದರೆ ಬೆನ್ನಿನ ಮೂಳೆಯಿಂದ ಎಳೆದಂಗೆ ಆಗ್ತದ ಎಂದು ನಗುತ್ತಿದ್ದಳು. ಅವಳ ಗಂಡ ಕುರಿ ಮೇಯಿಸಲು ವಡಗೇರಾದ ಕಡೆ ಹೋದವನು ವಾರಗಟ್ಟಲೆ ಬರುತ್ತಿರಲಿಲ್ಲ. ದಿನ ಹೋದಂತೆ ನನ್ನ ಎದೆ ಮಧ್ಯಾಹ್ನ ಬಿಗಿಯುವುದನ್ನು ಮರೆಯಿತು. ಆಮೇಲೆ ಬೆಳಿಗ್ಗೆ, ಸಂಜೆಯ ಹಾಲೂ ಬತ್ತತೊಡಗಿತು. ಮೆಂತ್ಯೆ ತಿಂದೆ, ಬೆಳ್ಳುಳ್ಳಿ ತಿಂದೆ, ಆಗಲಿಲ್ಲ. ಅದಕ್ಕೂ ನನ್ನಷ್ಟೇ ಸುಸ್ತಾಗಿತ್ತೋ ಏನೋ.

ದೀಪಾವಳಿಯ ಹೊತ್ತಿಗೆ ದೊಡ್ಡಕ್ಕೋರು ನನ್ನನ್ನು ಕರೆದರು. ಸಾಲೆಯ ಹಿಂದಿನ ಓಣಿಯಲ್ಲಿ ಬೀಗ ಬಿದ್ದಿದ್ದ ಒಂದು ಮನೆಯವರು ಹೈದರಾಬಾದಿನಲ್ಲೇ ನೆಲೆಸುವುದಾಗಿ ತೀರ್ಮಾನಿಸಿ, ಬಾಡಿಗೆಗೆ ಕೊಡಲು ಒಪ್ಪಿದ್ದರು. ಮೊದಲು ನಿಮಗೇ ಹೇಳುತ್ತಿದ್ದೇನೆ ಎಂದರು. ಇಷ್ಟು ದಿನ ಅವರು ಬರೀ ಗಡಿಯಾರ ನೋಡುತ್ತಿದ್ದಾರೆ ಎಂದುಕೊಂಡಿದ್ದೆ, ನನ್ನ ಮುಖವನ್ನೂ ನೋಡಿದ್ದರು. ಆ ಮನೆಯ ಕಟ್ಟೆಯ ಮೇಲೆ ಕೂತರೆ ಸಾಲೆಯ ಹುಡುಗಿಯರು ಮಗ್ಗಿ ಹೇಳುವುದು ಕೇಳುತ್ತದೆ. ಹಳಿಯಿಲ್ಲ, ಗೇಟಿಲ್ಲ, ಕೆಸರೂ ಇಲ್ಲ, ಓಣಿಗೆಲ್ಲ ಕಲ್ಲುಹಾಸು. ನಮ್ಮವರಿಗೆ ಅಂಗಡಿ ದೂರವಾಗುತ್ತದೆ, ಆದರೆ ಅವರಿಗೆ ಸೈಕಲ್ಲಿದೆ. ಇನ್ನು ಗೇಟಿನ ಹಂಗು ಹರಿಯಿತು ಎಂದು ಅವರು ಕುಣಿದರು. ಅತ್ತೆ ಮಾತ್ರ ಬಾವಿಯ ಕಡೆ ನೋಡುತ್ತ ಕೂತರು. ಬಾವಿಯ ಚಿಂತೆ ಎಂದುಕೊಂಡೆ, ಬೇಲಿಯ ಆಚೆಯ ಚಿಂತೆ ಎಂದು ಹೊಳೆಯಲಿಲ್ಲ. ಮಗ ಆಗಲೇ ಅಂಬಲಿ ನೆಕ್ಕುತ್ತಿದ್ದ, ಇನ್ನು ನಾನೇ ಬಿಡುವಿನಲ್ಲಿ ಬಂದು ಕುಡಿಸಿದರೆ ಹಾಲು ಮತ್ತೆ ಬರುತ್ತದೆ ಎಂದೆ. ನಂಬಿಕೊಂಡೇ ಹೇಳಿದೆ.

ಮಾಳವ್ವನಿಗೆ ಹೇಳಲು ನಾನೇ ಹೋದೆ. ನೂಲುವ ಕದಿರು ನಿಲ್ಲಿಸದೆ ಕೇಳಿದಳು. ಚಲೋ ಆಯ್ತು, ನಿಮಗೂ ಬಹಳ ಹೈರಾಣ ಆಗಿತ್ತು ಎಂದಳು. ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಿದಳು.

"ಕೂಸು ಮನಿ ಬಿಟ್ಟು ಹೋಗ್ಯಾದಂತ ನನಗ ತಿಳೀತದ್ರಿ ಅಕ್ಕೋರೆ. ಹಾಲಿಗೆ ಯಾರ್ ಹೇಳ್ಬೇಕ್ರಿ?"

ಬೇರೆ ಯಾರಾದರೂ ಕೇಳಿದ್ದರೆ ಬರೀ ಮಾತು ಎಂದುಕೊಳ್ಳುತ್ತಿದ್ದರು. ಸಾಲೆಯ ಗೋಡೆಯ ಹಿಂದೆ ನಿಂತು ಹಾಲು ಹಿಂಡಿ ಬಂದವಳಿಗೆ ಅದು ಮಾತಲ್ಲ. ಆದರೂ ಹೋದೆವು. ಸಾಮಾನು ಹೇರಿದ ಬಂಡಿ ಗೇಟಿಗೆ ಬಂದರೆ ಗೇಟು ಬಿದ್ದಿತ್ತು, ಕಡೆಯ ದಿನವೂ ಬಿಡಲಿಲ್ಲವಲ್ಲ ಎಂದು ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ. ಕೂಸು ನನ್ನ ಹೆಗಲ ಮೇಲಿಂದ ಬಂದ ದಾರಿಯನ್ನೇ ನೋಡುತ್ತಿತ್ತು.

ಹೊಸ ಮನೆಯಲ್ಲಿ ಮೊದಲ ಮಧ್ಯಾಹ್ನ ಗಂಟೆಯ ಸದ್ದು ಅಡಗುವ ಮುಂಚೆಯೇ ನಾನು ಮನೆಯಲ್ಲಿದ್ದೆ. ಏದುಸಿರಿಲ್ಲ, ಕೆಸರಿಲ್ಲ. ಕಾಲು ತೊಳೆದುಕೊಂಡು, ಗೋಡೆಗೆ ಒರಗಿ, ಮಗನನ್ನು ತೊಡೆಯ ಮೇಲೆ ಹಾಕಿಕೊಂಡೆ. ಅಷ್ಟೆಲ್ಲ ಓಡಿದ್ದು ಇದಕ್ಕಾಗಿಯೇ. ಅವನು ಒಂದು ಸಲ ಎಳೆದ, ಎರಡು ಸಲ ಎಳೆದ, ಬಾಯಿ ಬಿಟ್ಟು ನನ್ನ ಮುಖ ನೋಡಿದ. ಆಮೇಲೆ ಬೆನ್ನು ಸೆಟೆಸಿ ಅಳಲು ಶುರು. ಆಡಿನ ಹಾಲನ್ನು ಒಳಲೆಯಲ್ಲಿ ಹಾಕಿದರೆ ಉಗುಳಿದ. ಅಂಬಲಿಯನ್ನೂ ಬಿಟ್ಟ. ಮರುದಿನವೂ ಹಾಗೇ. ಕಣ್ಣು ಒಳಗೆ ಹೋದವು, ಅಳಲೂ ಆಗದೆ ಕುಂಯ್‌ಗುಟ್ಟತೊಡಗಿದ. ಊರಿಗೆಲ್ಲ ಹತ್ತಿರವಾದ ಮನೆಯಲ್ಲಿ ಕೂತು ನಾನು ಹಣೆ ಚಚ್ಚಿಕೊಂಡೆ.

ಮಗಳನ್ನು ಟೊಂಕದ ಮೇಲೆ ಕೂರಿಸಿಕೊಂಡು ಮಾಳವ್ವ ಬಾಗಿಲಲ್ಲಿ ಕಾಣಿಸಿಕೊಂಡದ್ದು ಅಂಥ ಒಂದು ಮಧ್ಯಾಹ್ನ. ಮನೆ ಹೇಗೆ ಹುಡುಕಿದಳೋ! ಕೆಂಪಗಾದ ಮುಖ, ಮೈ ಕಾಯುತ್ತಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು.

"ಎದಿ ಕಲ್ಲಾಗ್ಯಾವ್ರಿ. ಕೂಸಿನ್ನ ಕೊಡ್ರಿ."

ಕಟ್ಟೆಯ ಮೇಲೇ ಕೂರಲು ಹೋದಳು. ಅತ್ತೆ ಅವಳ ತೋಳು ಹಿಡಿದು ನಡುಮನೆಗೆ ಕರೆತಂದು, ತಾವು ಮಲಗುವ ಕಂಬಳಿ ಹಾಸಿದರು. ಮಗ ಅವಳ ವಾಸನೆಗೇ ಕೈ ಚಾಚಿದ. ಅವನು ಕುಡಿಯುವ ಸದ್ದು ಮನೆಯೆಲ್ಲ ಕೇಳುತ್ತಿತ್ತು. ಮಾಳವ್ವ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದಳು. ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಗಂಟೆ ಬಾರಿಸಿತು, ಸಾಲೆಗೆ ಹೋದೆ.

ಅಲ್ಲಿಂದ ಅವಳು ದಿನಾ ಬಂದಳು. ಬಾ ಎಂದು ನಾವು ಹೇಳಲಿಲ್ಲ, ಬರುತ್ತೇನೆ ಎಂದು ಅವಳೂ ಹೇಳಲಿಲ್ಲ. ಹೊಸ ಶೇಂಗಾ ಗಂಜಿಗೆ ಬಂದು ಬೀಳುತ್ತಿದ್ದ ಕಾಲ ಅದು, ಮಾಲು ಡಬ್ಬಿಗಳ ಸಾಲು ಮೊದಲಿಗಿಂತ ಉದ್ದವಾಗಿತ್ತು. ನಾನು ಬಿಡುವಿನಲ್ಲಿ ಮನೆಗೆ ಬಂದು, ಹಸಿದು ಅಳುವ ಮಗನನ್ನು ಎತ್ತಿಕೊಂಡು, ಕಟ್ಟೆಯ ಮೇಲೆ ನಿಂತು ಓಣಿಯ ತುದಿ ನೋಡುತ್ತಿದ್ದೆ. ಒಂದು ದಿನ ಇಂಜಿನ್ನು ಕೂಗಿದ್ದು ಅಲ್ಲಿಯವರೆಗೂ ಕೇಳಿಸಿತು. ಬಂದಳೇನು ಎಂದು ಅತ್ತೆ ಒಳಗಿನಿಂದ ಕೇಳಿದರು. ಗೇಟು ಬಿದ್ದಿದೆ ಎಂದೆ. ಬಿಡುವು ಮುಗಿದ ಗಂಟೆ ಬಾರಿಸಿತು. ಸಾಲೆ ಪಕ್ಕದಲ್ಲೇ ಇತ್ತು, ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ನಾನು ಕಟ್ಟೆ ಇಳಿಯಲಿಲ್ಲ. ಆಚೆ ಮಗಳನ್ನು ಟೊಂಕದ ಮೇಲೆ ಹೊತ್ತು ಮಾಳವ್ವ ನಿಂತಿದ್ದಾಳೆ, ಅವಳ ಕುಪ್ಪಸ ಈ ಹೊತ್ತಿಗೆ ತೊಯ್ದಿದೆ, ಸೆರಗು ಎಳೆದು ಎಳೆದು ಮುಚ್ಚಿಕೊಳ್ಳುತ್ತಿದ್ದಾಳೆ ಎಂಬುದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.